ದವಡೆ ಮುಂದಕ್ಕೆ ಎಳೆಯೋದೇ ಕೆಲಸ ಅಂದ್ಮೇಲೆ ಡಿಸೈನ್ ಯಾವ್ದಾದ್ರೇನು?

ಪ್ರಶ್ನೆ: ನಂಗೆ 44 ವರ್ಷ. ಸ್ಲೀಪ್ ಅಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ಕಟ್ಟೋ ತೊಂದರೆ ಇದೆ. ಸ್ಲೀಪ್ ಸ್ಟಡಿಲಿ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟುತ್ತೆ ಅನ್ನೋ ಲೆಕ್ಕ) 22 ಬಂದಿದೆ, ಅಂಗಾತ ಮಲಗಿದಾಗ 38, ಮಗ್ಗುಲಾದಾಗ 9. ಮಾಸ್ಕಿಂದ ಗಾಳಿ ಒತ್ತೋ ಸಿಪ್ಯಾಪ್ ಯಂತ್ರ ಮೂರು ತಿಂಗಳು ಹಾಕ್ಕೊಂಡೆ, ಮಧ್ಯರಾತ್ರಿ ನಂಗೇ ಗೊತ್ತಿಲ್ದಂಗೆ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟಿರ್ತೀನಿ. ಈಗ ಬಾಯಿಗೆ ಹಾಕೋ ಡಿವೈಸ್ ನೋಡ್ತಿದೀನಿ. ಒಬ್ರು ಒಂದೇ ಪೀಸಿಂದು ಸಾಕು ಅಂತಾರೆ, ಇನ್ನೊಬ್ರು ಎರಡು ಪೀಸಿಂದೇ ಬೇಕು ಅಂತಾರೆ, ಆನ್‌ಲೈನಲ್ಲಿ ಬಿಸಿನೀರಲ್ಲಿ ಅದ್ದಿ ಕಚ್ಚೋದೂ ಸಿಗುತ್ತೆ. ಕೆಳಗೆ ಎಡಗಡೆ ಕೊನೇ ಎರಡು ದವಡೆಹಲ್ಲು ಇಲ್ಲ, ನಿದ್ದೇಲಿ ಹಲ್ಲು ಕಡೀತೀನಂತೆ, ಬಲಗಡೆ ದವಡೆ ಕೀಲಲ್ಲಿ ಟಕ್ ಅಂತ ಸದ್ದು ಬರುತ್ತೆ, ನೋವಿಲ್ಲ. ದವಡೆ 9 ಮಿ.ಮೀ. ಮುಂದೆ ಬರುತ್ತೆ ಅಂದ್ರು. ಎಲ್ಲಾನೂ ದವಡೆ ಮುಂದೆ ಎಳೆಯೋದೇ ಅಲ್ವಾ ಡಾಕ್ಟ್ರೇ, ಯಾವ್ದು ತಗೊಂಡ್ರೇನು?

ಉತ್ತರ:

ಮೇಡಂ, ನೀವು ಹೇಳಿದ್ದು ಅರ್ಧ ನಿಜ. ಎಲ್ಲಾನೂ ಎಳೆಯುತ್ವೆ. ಆದ್ರೆ ಎಳೆದಿದ್ದನ್ನ ರಾತ್ರಿಗೆ ಏಳು ಗಂಟೆ, ವರ್ಷಗಟ್ಲೆ ಹಿಡಿದಿಟ್ಟುಕೊಳ್ಳಬೇಕಲ್ಲ, ಆ ಹಿಡಿತದ ಭಾರ ಯಾವ ಹಲ್ಲಿನ ಮೇಲೆ ಹೋಗಿ ಕೂರುತ್ತೆ, ನಿದ್ದೇಲಿ ಬಾಯಿ ತೆರೆದುಕೊಂಡಾಗ ಏನಾಗುತ್ತೆ, ನಾಳೆ ಅರ್ಧ ಮಿ.ಮೀ. ಜಾಸ್ತಿ ಬೇಕು ಅನ್ನಿಸಿದ್ರೆ ಸಿಗುತ್ತಾ, ಡಿಸೈನ್ ಅನ್ನೋದು ಇಷ್ಟೇ. ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ನಿಮ್ಮ ಹಲ್ಲಿನ ಅಳತೆ ತಗೊಂಡು ಮಾಡಿದ, ಮೇಲೆ ಕೆಳಗೆ ಬೇರೆ ಬೇರೆ ಇರೋ, ಸ್ವಲ್ಪ ಸ್ವಲ್ಪವಾಗಿ ಮುಂದೆ ಹಿಂದೆ ಮಾಡೋಕಾಗೋ ಡಿವೈಸೇ ಬೇಕು. ಒಂದೇ ಪೀಸಿಂದು ನಿಮಗೆ ಬೇಡ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ಗಂಟಲಲ್ಲಿ ಏನಾಗ್ತಿದೆ ಅಂತ ನೋಡಿ. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆವರೆಗೆ ಗಂಟಲಿನ ಕೊಳವೆಗೆ ಸುತ್ತ ಎಲುಬಿನ ಗೂಡಿಲ್ಲ, ಅದು ತೆರೆದಿರೋದು ಸ್ನಾಯುಗಳ ಬಿಗಿಯಿಂದ. ಎಚ್ಚರ ಇದ್ದಾಗ ಬಿಗಿ ಇರುತ್ತೆ, ನಿದ್ದೆ ಬಂದಾಗ ಸಡಿಲ ಆಗುತ್ತೆ, ನಾಲಿಗೆ ಬುಡ ಹಿಂದೆ ಜಾರುತ್ತೆ, ಮೆತ್ತನೆ ಅಂಗುಳು ಅಂದ್ರೆ ಕಿರುನಾಲಿಗೆ ನೇತಾಡೋ ಜಾಗ ಕುಸಿಯುತ್ತೆ, ಅಕ್ಕಪಕ್ಕದ ಗೋಡೆ ಒಳಗೆ ಬರುತ್ತೆ. ಪೂರ್ತಿ ಕುಸಿಯದೆ ಅದುರಿದ್ರೆ ಗೊರಕೆ. 10 ಸೆಕೆಂಡು ಅಥ್ವಾ ಅದಕ್ಕಿಂತ ಹೆಚ್ಚು ಗಾಳಿ ನಿಂತ್ರೆ ಅಪ್ನಿಯಾ. ಗಂಟೆಗೆ ಎಷ್ಟು ಸಲ ಹೀಗೆ ಗಾಳಿ ನಿಂತಿದೆ ಅಥ್ವಾ ಚೆನ್ನಾಗಿ ಕಡಿಮೆಯಾಗಿದೆ ಅನ್ನೋದೇ ಎಎಚ್‌ಐ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದ್ರೆ ತೀವ್ರ. ನಿಮ್ಮದು ಮಧ್ಯಮ, ಅದ್ರಲ್ಲೂ ಅಂಗಾತ ಮಲಗಿದಾಗಲೇ ಜಾಸ್ತಿ. ಇದು ಒಳ್ಳೇ ಸೂಚನೆ, ಹೀಗಿರೋರಿಗೆ ಬಾಯಿ ಡಿವೈಸ್ ಸಾಮಾನ್ಯವಾಗಿ ಚೆನ್ನಾಗಿ ಕೆಲ್ಸ ಮಾಡುತ್ತೆ. ರಿಪೋರ್ಟಲ್ಲಿ ಅಬ್ಸ್ಟ್ರಕ್ಟಿವ್, ಅಂದ್ರೆ ಗಂಟಲು ಕುಸಿದು ಆಗೋದು, ಅಂತ ಇದೆಯಾ ಅಂತ ಮಾತ್ರ ಒಂದ್ಸಲ ನೋಡ್ಕೊಳ್ಳಿ, ಮಿದುಳೇ ಉಸಿರಾಡು ಅಂತ ಹೇಳೋದನ್ನ ಮರೆಯೋ ಸೆಂಟ್ರಲ್ ಅಪ್ನಿಯಾಗೆ ದವಡೆ ಎಳೆದು ಪ್ರಯೋಜನ ಇಲ್ಲ.

ನಾಲಿಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಭಾಗದಲ್ಲಿ, ಗದ್ದದ ಹಿಂದೆ ಅಂಟಿಕೊಂಡಿದೆ, ಹಾಗಾಗಿ ದವಡೆ ಮುಂದೆ ಬಂದ್ರೆ ನಾಲಿಗೆ ಬುಡಾನೂ ಜೊತೇಲೇ ಬರುತ್ತೆ. ಎಲ್ರೂ ಇಷ್ಟೇ ಅಂದುಕೊಂಡಿರ್ತಾರೆ. ಆದ್ರೆ ಡಿವೈಸ್ ಹಾಕಿಸಿ ಎಂಆರ್‌ಐ ತೆಗೆದು ನೋಡಿದಾಗ ಹಿಂದೆ ಮುಂದೆ ಜಾಗ ಆಗೋದಕ್ಕಿಂತ ಅಕ್ಕಪಕ್ಕಕ್ಕೆ ಕೊಳವೆ ಅಗಲ ಆಗೋದೇ ಹೆಚ್ಚು ಕಾಣುತ್ತೆ, ಅದೂ ಅಂಗುಳಿನ ಹಿಂದಿನ ಜಾಗದಲ್ಲಿ. ದವಡೆಗೂ ಅಂಗುಳಿಗೂ ಗಂಟಲಿನ ಪಕ್ಕದ ಗೋಡೆಗೂ ನಡುವೆ ಸ್ನಾಯು, ನಾರುಗಳ ಕೊಂಡಿ ಇದೆ, ಹಗ್ಗದ ಮಂಚದಲ್ಲಿ ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆಯೂ ಬಿಗಿಯಾಗುತ್ತಲ್ಲ ಹಾಗೆ. ಯಾರ ಗಂಟಲು ಎಷ್ಟು ಬಿಗಿಯುತ್ತೆ ಅಂತ ಬಾಯಿ ನೋಡಿ ಹೇಳೋಕಾಗಲ್ಲ. ಅದಕ್ಕೇ ಅಡ್ಜಸ್ಟ್ ಮಾಡೋಕಾಗೋ ಡಿವೈಸ್ ಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು.

ಈ ಯೋಚನೆ ಹೊಸದೇನಲ್ಲ. ದವಡೆ ಚಿಕ್ಕದಾಗಿ, ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟೋ ಮಕ್ಕಳಿಗಾಗಿ ಫ್ರಾನ್ಸಿನ ಪಿಯೇರ್ ರೋಬಿನ್ 20ನೇ ಶತಮಾನದ ಶುರುವಿನಲ್ಲೇ ಮಾನೋಬ್ಲಾಕ್ ಅನ್ನೋ ಒಂದೇ ತುಂಡಿನ ಸಾಧನ ಮಾಡಿದ್ರು. ಸ್ಲೀಪ್ ಅಪ್ನಿಯಾಗೆ ಅಂತ 1982ರಲ್ಲಿ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್ ನಾಲಿಗೇನೇ ಒಂದು ಮೆತ್ತನೆ ಬುಗ್ಗೆಯೊಳಗೆ ಹೀರಿ ಹಿಡಿದಿಡೋ ಸಾಧನದ ಬಗ್ಗೆ ಬರೆದ್ರು. ಹಲ್ಲೇ ಇಲ್ಲದೋರಿಗೆ ಅದು ಈಗ್ಲೂ ಉಪಯೋಗ ಆಗುತ್ತೆ, ಆದ್ರೆ ನಾಲಿಗೆ ನೋವು, ಜೊಲ್ಲು ಅಂತ ಬಿಟ್ಟುಬಿಡೋರು ಜಾಸ್ತಿ. ನಿಮಗೆ ಸಾಕಷ್ಟು ಹಲ್ಲಿವೆ, ಅದು ಬೇಡ.

ಈಗ ಭಾರದ ವಿಷಯ. ಎಳೆದ ದವಡೆ ರಬ್ಬರ್ ಥರ ವಾಪಸ್ ಹೋಗೋಕೆ ನೋಡುತ್ತೆ. ತಡೆಯೋದು ಡಿವೈಸು, ಡಿವೈಸನ್ನ ಹಿಡಿದಿರೋದು ಹಲ್ಲು. ಹಾಗಾಗಿ ರಾತ್ರಿಯೆಲ್ಲ ಮೇಲಿನ ಹಲ್ಲುಗಳ ಮೇಲೆ ಹಿಂದಕ್ಕೆ, ಕೆಳಗಿನ ಹಲ್ಲುಗಳ ಮೇಲೆ ಮುಂದಕ್ಕೆ ಒತ್ತಡ. ಹಲ್ಲಿಗೆ ಕ್ಲಿಪ್ ಹಾಕ್ಸಿದೋರಿಗೆ ಗೊತ್ತು, ಸಣ್ಣ ಒತ್ತಡವೂ ತಿಂಗಳುಗಟ್ಲೆ ಇದ್ರೆ ಹಲ್ಲು ಜರುಗುತ್ತೆ. ಇಲ್ಲೂ ಅದೇ: ಕೆಲವು ವರ್ಷಗಳಲ್ಲಿ ಮೇಲಿನ ಬಾಚಿಹಲ್ಲು ಸ್ವಲ್ಪ ಒಳಕ್ಕೆ ವಾಲುತ್ತೆ, ಕೆಳಗಿನವು ಸ್ವಲ್ಪ ಹೊರಕ್ಕೆ ವಾಲುತ್ತೆ, ಕೆಲವ್ರಿಗೆ ಹಿಂದಿನ ಹಲ್ಲು ಸರಿಯಾಗಿ ಕೂಡೋದಿಲ್ಲ. ಯಾವ ಡಿಸೈನಲ್ಲೂ ಇದು ಪೂರ್ತಿ ತಪ್ಪಲ್ಲ. ತಪ್ಪುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದ್ರೆ ಕಡಿಮೆ ಮಾಡೋಕಾಗುತ್ತೆ, ಹೇಗಂದ್ರೆ ಟ್ರೇ, ಅಂದ್ರೆ ಹಲ್ಲಿನ ಮೇಲೆ ಕೂರೋ ಡಿವೈಸಿನ ಅಚ್ಚು, ಎಲ್ಲಾ ಹಲ್ಲನ್ನೂ ಮುಚ್ಚಬೇಕು, ಭಾರ ಆದಷ್ಟು ಹೆಚ್ಚು ಹಲ್ಲಿಗೆ ಹಂಚಬೇಕು. ಕೊನೇ ದವಡೆಹಲ್ಲನ್ನ ಟ್ರೇ ಮುಚ್ಚದೆ ಬಿಟ್ರೆ ಅದಕ್ಕೆ ಎದುರು ಹಲ್ಲಿನ ತಡೆ ಇಲ್ದೆ ಮೇಲೆ ಬೆಳೆದು ಬರುತ್ತೆ, ಆಮೇಲೆ ಹಗಲು ಬಾಯಿ ಮುಚ್ಚಿದ್ರೆ ಮೊದ್ಲು ಅದೇ ತಾಗುತ್ತೆ. ಬಾಚಿಹಲ್ಲುಗಳಿಗೆ ಬೇರು ಒಂದೇ, ಅದಕ್ಕೆ ನಾನು ಅವುಗಳ ತುದಿ ಮುಚ್ಚಿಸಿದ್ರೂ ಒತ್ತಡ ಬರೋ ಕಡೆ ಕೂದಲೆಳೆಯಷ್ಟು ಜಾಗ ಬಿಡಿಸ್ತೀನಿ, ಭಾರವೆಲ್ಲ ಹಿಂದಿನ ಗಟ್ಟಿ ಹಲ್ಲಿಗೆ ಹೋಗ್ಲಿ ಅಂತ.

ನಿಮಗೆ ಕೆಳಗೆ ಎಡಗಡೆ ಎರಡು ದವಡೆಹಲ್ಲಿಲ್ಲ ಅಂದ್ರಲ್ಲ, ಅದು ಇಲ್ಲಿ ಮುಖ್ಯ ಆಗುತ್ತೆ. ಆ ಖಾಲಿ ಜಾಗದ ಮೇಲೆ ಟ್ರೇ ಬರೀ ವಸಡಿನ ಮೇಲೆ ಕೂತಿರುತ್ತೆ, ಅಲ್ಲಿಗೇ ಭಾರ ಬೀಳೋ ಡಿಸೈನ್ ಆದ್ರೆ ಟ್ರೇ ಆ ಕಡೆ ಬಾಗುತ್ತೆ, ವಸಡು ಹುಣ್ಣಾಗುತ್ತೆ, ಬಲಗಡೆ ಒಂಥರಾ ಎಡಗಡೆ ಒಂಥರಾ ಎಳೆತ ಆಗಿ ಕೀಲು ನೋವು ಶುರುವಾಗುತ್ತೆ.

ಎರಡು ಪೀಸಿನ ಡಿವೈಸ್‌ಗಳಲ್ಲಿ ಮೇಲಿನ ಟ್ರೇಗೂ ಕೆಳಗಿನ ಟ್ರೇಗೂ ಕೊಂಡಿ ಹಾಕೋದು ಮುಖ್ಯವಾಗಿ ನಾಲ್ಕು ಥರ. ಒಂದು ಹರ್ಬ್ಸ್ಟ್ ಥರದ್ದು, ಕೊಳವೆಯೊಳಗೆ ಕಡ್ಡಿ ಜಾರೋ ಲೋಹದ ತೋಳು, ಎರಡೂ ಪಕ್ಕ. ಜರ್ಮನಿಯ ಎಮಿಲ್ ಹರ್ಬ್ಸ್ಟ್ ನೂರು ವರ್ಷಕ್ಕೂ ಹಿಂದೆ ಹಲ್ಲು ಸಾಲು ಸರಿ ಮಾಡೋಕೆ ತಂದಿದ್ದು, ಆಮೇಲೆ ನಿದ್ದೆ ಚಿಕಿತ್ಸೆಗೆ ಬಂತು. ಇದ್ರ ತೋಳು ಮೇಲೆ ದವಡೆಹಲ್ಲಿನ ಹತ್ರ, ಕೆಳಗೆ ಕೋರೆಹಲ್ಲಿನ ಹತ್ರ ಕೂರುತ್ತೆ, ದವಡೇನ ಹಿಂದಿನಿಂದ ತಳ್ಳಿ ಹಿಡಿಯುತ್ತೆ. ಎರಡನೇದು ಪಟ್ಟಿ ಅಥ್ವಾ ಕಡ್ಡಿಯಿಂದ ಎಳೆಯೋದು, ಅದು ಉಲ್ಟಾ, ಮೇಲೆ ಕೋರೆಹಲ್ಲಿನ ಹತ್ರದಿಂದ ಕೆಳಗೆ ದವಡೆಹಲ್ಲಿನ ಹತ್ರಕ್ಕೆ. ಮೂರನೇದು ಫಿನ್, ಕೆಳಗಿನ ಟ್ರೇಯಿಂದ ಪಕ್ಕದಲ್ಲಿ ಎದ್ದು ನಿಂತಿರೋ ರೆಕ್ಕೆ ಮೇಲಿನ ಟ್ರೇಯ ಉಬ್ಬಿನ ಮುಂದೆ ಬಂದು ಕೂರುತ್ತೆ, ದವಡೆ ಹಿಂದೆ ಹೋಗೋಕೆ ದಾರಿ ಇರಲ್ಲ. ನಾಲ್ಕನೇದು ಮುಂದೆ ನಡುವಲ್ಲಿ ಒಂದೇ ಕೊಕ್ಕೆ.

ಇವುಗಳಲ್ಲಿ ಯಾವ್ದು ಬೆಸ್ಟ್ ಅಂತ ಕೇಳಿದ್ರೆ ಉತ್ತರ ಇಲ್ಲ, ಯಾರ ಬಾಯಿಗೆ ಅಂತ ಕೇಳಬೇಕು. ನಿಮಗೆ ಪಟ್ಟಿ ಥರದ್ದು ನಾನು ಕೊಡಲ್ಲ, ಯಾಕಂದ್ರೆ ಪಟ್ಟಿ ಸಿಕ್ಕಿಸೋ ಕೆಳಗಿನ ಗುಂಡಿ ಸರಿಯಾಗಿ ನಿಮ್ಮ ಖಾಲಿ ಜಾಗದ ಹತ್ರ ಬರುತ್ತೆ, ಜೊತೆಗೆ ಹಲ್ಲು ಕಡಿಯೋರ ಬಾಯಲ್ಲಿ ಮೆತ್ತನೆ ಪಟ್ಟಿ ಬೇಗ ಹಿಗ್ಗುತ್ತೆ, ಹರಿಯುತ್ತೆ. ಮುಂದಿನ ಕೊಕ್ಕೆಯದು ಅಕ್ಕಪಕ್ಕ ಅಲ್ಲಾಡೋಕೆ ಚೆನ್ನಾಗಿ ಬಿಡುತ್ತೆ, ಆದ್ರೆ ಭಾರ ಮುಂದಕ್ಕೆ ಬೀಳುತ್ತೆ, ನಾಲಿಗೆಗೂ ತುಟಿ ಮುಚ್ಚೋಕೂ ಜಾಗ ಕಡಿಮೆ. ಫಿನ್ ಆಗಬಹುದು, ಫಿನ್ ಖಾಲಿ ಜಾಗದ ಮೇಲೆ ಬರದಂಗೆ ಸ್ವಲ್ಪ ಮುಂದಿಟ್ಟು ಮಾಡೋಕೆ ಲ್ಯಾಬ್ ಒಪ್ಪಿದ್ರೆ. ನನ್ನ ಕೈಗೆ ಬಂದಿದ್ರೆ ಹರ್ಬ್ಸ್ಟ್ ತೋಳಿಂದು ಮಾಡಿಸ್ತಿದ್ದೆ, ಕೆಳಗಿನ ಹಿಡಿತ ಮುಂದೆ ಇರುತ್ತೆ, ಅಲ್ಲಿ ನಿಮಗೆ ಹಲ್ಲು ಪೂರ್ತಿ ಇದೆ, ತೋಳಿನ ಕೀಲಲ್ಲಿ ಸ್ವಲ್ಪ ಸಡಿಲ ಇಡಿಸಿದ್ರೆ ಹಲ್ಲು ಕಡಿಯುವಾಗ ದವಡೆ ಅಕ್ಕಪಕ್ಕ ಹೋಗಿ ಬರಬಹುದು. ಇದನ್ನ ಯಾಕೆ ಹೇಳ್ತೀನಂದ್ರೆ, ಹಲ್ಲು ಕಡಿಯೋರಿಗೆ ಒಂದೇ ತುಂಡಿನ ಡಿವೈಸ್ ಹಾಕಿದ್ರೆ ದವಡೆ ಪಕ್ಕಕ್ಕೆ ಹೋಗೋಕೆ ನೋಡುತ್ತೆ, ಡಿವೈಸ್ ಬಿಡಲ್ಲ, ಆ ಜಗ್ಗಾಟ ಎಲ್ಲಾ ಹಲ್ಲಿನ ಬೇರಿಗೂ ಕೀಲಿಗೂ ಹೋಗುತ್ತೆ, ಬೆಳಿಗ್ಗೆ ಎದ್ದಾಗ ಕೆನ್ನೆ ಸ್ನಾಯು ಕಲ್ಲಾಗಿರುತ್ತೆ. ನೋವಿಲ್ಲದ ಟಕ್ ಸದ್ದು ಮಾತ್ರ ಇದ್ರೆ ಡಿವೈಸ್ ಹಾಕೋಕೆ ಅಡ್ಡಿ ಇಲ್ಲ, ಹೆದರಬೇಡಿ. ಬಾಯಿ ತೆರೆಯೋಕೆ ಆಗದೆ ಸಿಕ್ಕಿಹಾಕ್ಕೊಳ್ಳೋದು, ನೋವು, ಇವಿದ್ರೆ ಮೊದ್ಲು ಅದಕ್ಕೆ ಚಿಕಿತ್ಸೆ.

ಯಾರೂ ಕೇಳದೇ ಇರೋ ಒಂದು ವಿಷಯ ಎತ್ತರ. ಡಿವೈಸ್ ಹಾಕಿದಾಗ ಮೇಲಿನ ಕೆಳಗಿನ ಬಾಚಿಹಲ್ಲಿನ ತುದಿ ನಡುವೆ ಎಷ್ಟು ಗ್ಯಾಪ್ ಬರುತ್ತೆ ಅನ್ನೋದು. ಬಾಯಿ ತೆರೆದಾಗ ಗದ್ದ ನೇರ ಕೆಳಗೆ ಹೋಗಲ್ಲ, ಕೀಲಿನ ಸುತ್ತ ತಿರುಗಿ ಕೆಳಗೂ ಹಿಂದಕ್ಕೂ ಹೋಗುತ್ತೆ, ಕನ್ನಡಿ ಮುಂದೆ ಪಕ್ಕಕ್ಕೆ ನಿಂತು ನಿಧಾನಕ್ಕೆ ಬಾಯಿ ತೆರೆದು ನೋಡಿ ಗೊತ್ತಾಗುತ್ತೆ. ಅಂದ್ರೆ ಡಿವೈಸ್ ದಪ್ಪ ಇದ್ದಷ್ಟೂ ಒಂದು ಕೈಲಿ ಮುಂದೆ ಎಳೆದಿದ್ದನ್ನ ಇನ್ನೊಂದು ಕೈಲಿ ವಾಪಸ್ ಕೊಟ್ಟಂಗೆ. ನಾನು ಶುರುವಿನ ವರ್ಷಗಳಲ್ಲಿ ಮಾಡಿದ ಒಂದು ಡಿವೈಸ್ ಇನ್ನೂ ನೆನಪಿದೆ, ಗಟ್ಟಿಯಾಗಿರ್ಲಿ ಮುರಿಯದೇ ಇರ್ಲಿ ಅಂತ ದಪ್ಪ ಮಾಡಿಸಿದ್ದೆ, ದವಡೆ ಮುಂದೆ ತರೋ ಸ್ಕ್ರೂ ಎಷ್ಟು ತಿರುಗಿಸಿದ್ರೂ ಗೊರಕೆ ನಿಲ್ಲಲಿಲ್ಲ, ತುಟಿ ಮುಚ್ಚೋಕಾಗದೆ ಬಾಯಿ ಒಣಗಿ ಆ ಮನುಷ್ಯ ನಿದ್ದೆಗೆಟ್ರು. ಕಚ್ಚೋ ಮೇಲ್ಮೈನ ಅರೆದು ಅರೆದು ತೆಳ್ಳಗೆ ಮಾಡಿದ್ಮೇಲೆ, ಸ್ಕ್ರೂ ಮುಟ್ಟದೇನೇ, ಸರಿ ಹೋಯ್ತು. ಅವತ್ತಿಂದ ಲ್ಯಾಬಿಗೆ ಚೀಟಿ ಬರೆಯುವಾಗ ಎತ್ತರದ ಸಂಖ್ಯೆಯನ್ನ ಮೊದಲು ಬರೀತೀನಿ. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ 4 ಮಿ.ಮೀ. ಗ್ಯಾಪ್ ಇರೋ ಡಿವೈಸನ್ನೂ 14 ಮಿ.ಮೀ. ಗ್ಯಾಪ್ ಇರೋದನ್ನೂ ಒಂದೇ ರೋಗಿಗಳಿಗೆ ಹಾಕಿ ನೋಡಿದ್ರು, ಎಎಚ್‌ಐ ಇಳಿದಿದ್ದು ಹೆಚ್ಚುಕಮ್ಮಿ ಒಂದೇ, ಆದ್ರೆ ಹೆಚ್ಚಿನೋರು ಇಷ್ಟಪಟ್ಟಿದ್ದು ಚಿಕ್ಕದನ್ನ. ದಪ್ಪದಿಂದ ಲಾಭ ಇಲ್ಲ ಅಂದ್ಮೇಲೆ ಯಾಕೆ ಹೊರಬೇಕು.

ಇದಕ್ಕೇ ಸೇರಿದ್ದು ಇನ್ನೊಂದು, ನಿದ್ದೇಲಿ ಬಾಯಿ ಬಿಟ್ಕೊಳ್ಳೋದು. ಹರ್ಬ್ಸ್ಟ್ ತೋಳು ಬಾಯಿ ತೆರೆಯೋಕೆ ಬಿಡುತ್ತೆ, ಅದು ಅದ್ರ ಒಳ್ಳೇ ಗುಣಾನೂ ಹೌದು ಕೆಟ್ಟ ಗುಣಾನೂ ಹೌದು. ಅಂಗಾತ ಮಲಗಿದಾಗ ದವಡೆ ಜೋಲು ಬಿದ್ರೆ ಎಳೆತ ವ್ಯರ್ಥ. ಫಿನ್‌ದೂ ಹಾಗೇ, ರೆಕ್ಕೆ ಗಿಡ್ಡ ಇದ್ರೆ ಬಾಯಿ ಅಗಲಿಸಿದ ತಕ್ಷಣ ಕಳಚಿಕೊಳ್ಳುತ್ತೆ. ಅದಕ್ಕೆ ಎರಡೂ ಟ್ರೇಗೆ ಚಿಕ್ಕ ಕೊಕ್ಕೆ ಇಡಿಸಿ ಸಣ್ಣ ರಬ್ಬರ್ ಬ್ಯಾಂಡ್ ಹಾಕೋ ಅನುಕೂಲ ಇರ್ಬೇಕು. ನಿಮ್ಮ ಎಎಚ್‌ಐ ಅಂಗಾತ ಇದ್ದಾಗಲೇ 38, ನೀವು ಇದನ್ನ ಕೇಳಿ ಮಾಡಿಸ್ಕೊಳ್ಳಿ.

ಹಿಡಿತ, ಅಂದ್ರೆ ಟ್ರೇ ಹಲ್ಲಿಗೆ ಎಷ್ಟು ಬಿಗಿ ಅನ್ನೋದರ ಬಗ್ಗೆ ಜಾಸ್ತಿ ಹೇಳಲ್ಲ. ಹಲ್ಲಿನ ಉಬ್ಬಿನ ಕೆಳಗೆ ಸ್ವಲ್ಪ ಇಳಿದು ಹಿಡಿಬೇಕು, ಸಡಿಲ ಆದ್ರೆ ರಾತ್ರಿ ಕಳಚುತ್ತೆ, ತೀರಾ ಬಿಗಿ ಆದ್ರೆ ಬೆಳಿಗ್ಗೆ ತೆಗೆಯುವಾಗ ಹಲ್ಲು ನೋಯುತ್ತೆ, ಕ್ಯಾಪ್ ಇದ್ರೆ ಅದೂ ಕಿತ್ತು ಬರಬಹುದು. ಮೆಟೀರಿಯಲ್ ವಿಷಯಕ್ಕೆ ಬಂದ್ರೆ ಗಟ್ಟಿ ಅಕ್ರಿಲಿಕ್ ರಿಪೇರಿಗೆ ಸುಲಭ, ಹಲ್ಲು ಹೋದ್ರೆ ಸೇರಿಸಬಹುದು, ಅರೆದು ಸರಿ ಮಾಡಬಹುದು. ಒಳಗೆ ಮೆತ್ತನೆ ಪದರ ಇರೋದು ಹಾಕ್ಕೊಳ್ಳೋಕೆ ಹಿತ, ಆದ್ರೆ ಕಾಲ ಕಳೆದಂತೆ ಬಣ್ಣ ಕೆಟ್ಟು ವಾಸನೆ ಹಿಡಿಯುತ್ತೆ. ಪ್ರಿಂಟ್ ಮಾಡೋ ನೈಲಾನ್ ತೆಳ್ಳಗೆ, ಹಗುರ, ಸುಲಭಕ್ಕೆ ಮುರಿಯಲ್ಲ, ಆದ್ರೆ ಅಕ್ರಿಲಿಕ್ ಥರ ಕೂತಲ್ಲೇ ಸೇರಿಸಿ ತೆಗೆದು ಮಾಡೋದು ಕಷ್ಟ. ನಿಮ್ಮಂತೆ ಹಲ್ಲು ಕಡಿಯೋರಿಗೆ, ಮುಂದೆ ಹಲ್ಲಿನ ಕೆಲಸ ಬಾಕಿ ಇರೋರಿಗೆ ಗಟ್ಟಿ ಅಕ್ರಿಲಿಕ್ಕೇ ಸರಿ.

ಎಷ್ಟು ಎಳೆಯೋದು? ನಿಮ್ಮ ದವಡೆ 9 ಮಿ.ಮೀ. ಮುಂದೆ ಬರುತ್ತೆ, ಸಾಕಷ್ಟಾಯ್ತು, 5ಕ್ಕಿಂತ ಕಡಿಮೆ ಇದ್ದಿದ್ರೆ ನಾನೇ ಬೇಡ ಅಂತಿದ್ದೆ. ಶುರು ಮಾಡೋದು ಅದ್ರ ಅರ್ಧದಿಂದ, ಅಂದ್ರೆ ನಾಲ್ಕೂವರೆ ಐದು ಮಿ.ಮೀ. ಹತ್ರ. ಒಂದು ಫೋರ್ಕ್ ಥರದ ಅಳತೆ ಪಟ್ಟಿ ಕಚ್ಚಿಸಿ ಆ ಜಾಗದಲ್ಲಿ ಬೈಟ್, ಅಂದ್ರೆ ಮೇಲಿನ ಕೆಳಗಿನ ಹಲ್ಲು ಎದುರುಬದುರು ಹೇಗೆ ನಿಲ್ಲುತ್ತೆ ಅನ್ನೋ ಅಚ್ಚು, ತಗೋತಾರೆ, ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡೋದು ಇದಕ್ಕೇ, ಯಾಕಂದ್ರೆ ಬೈಟ್ ಒಂದು ಪಕ್ಕಕ್ಕೆ ಸ್ವಲ್ಪ ವಾಲಿದ್ರೂ ಆ ವಾಲು ಹಂಗೇ ಡಿವೈಸಿಗೆ ಹೋಗುತ್ತೆ, ಸ್ಕ್ಯಾನರ್ ಎಷ್ಟು ಒಳ್ಳೇದಿದ್ರೂ ಅದನ್ನ ಸರಿ ಮಾಡಲ್ಲ. ಆಮೇಲೆ ವಾರಕ್ಕೊಂದ್ಸಲ ಎರಡ್ಸಲ ಕಾಲು ಮಿ.ಮೀ. ಮುಂದೆ, ಗೊರಕೆ ನಿಂತು ಹಗಲು ತೂಕಡಿಕೆ ಕಡಿಮೆ ಆಗೋವರೆಗೆ. ನೋವು ಬಂದ್ರೆ ಒಂದು ಹೆಜ್ಜೆ ಹಿಂದೆ. ಜಾಸ್ತಿ ಎಳೆದಷ್ಟೂ ಒಳ್ಳೇದು ಅನ್ನೋದು ತಪ್ಪು, ಕೆಲವ್ರಿಗೆ ಒಂದು ಹಂತ ದಾಟಿದ್ಮೇಲೆ ನೋವು ಮಾತ್ರ ಏರುತ್ತೆ, ಉಸಿರಾಟ ಅಷ್ಟೇ ಇರುತ್ತೆ. ಅಮೆರಿಕದ ಡೆಂಟಲ್ ಸ್ಲೀಪ್ ಮೆಡಿಸಿನ್ ಅಕಾಡೆಮಿ 2013ರಲ್ಲಿ ಒಳ್ಳೇ ಡಿವೈಸ್ ಅಂದ್ರೇನು ಅಂತ ಹೇಳುವಾಗ ಇದನ್ನೇ ಬರೆದಿದೆ: 1 ಮಿ.ಮೀ. ಅಥ್ವಾ ಅದಕ್ಕಿಂತ ಸಣ್ಣ ಹೆಜ್ಜೆ, ಕನಿಷ್ಠ 5 ಮಿ.ಮೀ. ಓಡಾಟ, ವಾಪಸ್ ಹಿಂದೆ ತರೋಕೂ ಆಗಬೇಕು, ಕನಿಷ್ಠ 3 ವರ್ಷ ಬಾಳಬೇಕು. ಒಂದೇ ಪೀಸಿಂದರಲ್ಲಿ ಹೀಗೆ ಮುಂದೆ ಹಿಂದೆ ಮಾಡೋದು ಸುಲಭಕ್ಕೆ ಆಗಲ್ಲ, ಜಾಗ ಬದಲಿಸಬೇಕಂದ್ರೆ ಕೊಯ್ದು ಮತ್ತೆ ಅಂಟಿಸಬೇಕು. ಮೊದಲ ಸಲವೇ ಸರಿಯಾದ ಜಾಗ ಸಿಕ್ಕಿದ್ರೆ ಅದೂ ಕೆಲಸ ಮಾಡುತ್ತೆ ಅನ್ನೋದು ನಿಜ, ಆದ್ರೆ ಸಿಗುತ್ತೆ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ.

ಬಿಸಿನೀರಲ್ಲಿ ಅದ್ದಿ ಕಚ್ಚೋದರ ಬಗ್ಗೆ ಇಷ್ಟು ಹೇಳಿದ್ಮೇಲೆ ನಿಮಗೇ ಗೊತ್ತಾಗಿರುತ್ತೆ. ದಪ್ಪ, ಹಿಡಿತ ಕಡಿಮೆ, ನಿಮ್ಮ ಖಾಲಿ ಜಾಗ ಅದಕ್ಕೆ ಗೊತ್ತಿಲ್ಲ, ಹೆಚ್ಚಿನವುಗಳಲ್ಲಿ ಕಚ್ಚುವಾಗ ದವಡೆ ಎಷ್ಟು ಮುಂದಿತ್ತೋ ಅದೇ ಅಳತೆ. 2015ರ ಅಮೆರಿಕನ್ ಮಾರ್ಗಸೂಚೀಲೂ ಇಂಥದ್ದಕ್ಕಿಂತ ಅಳತೆ ತಗೊಂಡು ಮಾಡಿದ ಅಡ್ಜಸ್ಟ್ ಆಗೋದನ್ನೇ ಕೊಡಿ ಅಂತಿದೆ. ನಂಗೆ ಹೆಚ್ಚು ಚಿಂತೆ ಆಗೋದು ಬೇರೆ ಕಾರಣಕ್ಕೆ: ಅದು ಗೊರಕೆ ಸದ್ದು ಕಡಿಮೆ ಮಾಡಿಬಿಡುತ್ತೆ, ಮನೆಯವರು ಸರಿ ಹೋಯ್ತು ಅಂದ್ಕೋತಾರೆ, ಒಳಗೆ ಉಸಿರು ಕಟ್ಟೋದು ಹಂಗೇ ನಡೀತಿರುತ್ತೆ.

ಸಿಪ್ಯಾಪ್ ಬಿಟ್ಟೆ ಅಂತ ನಿಮಗೆ ಬೇಜಾರಿರೋ ಹಾಗಿದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ತಂದ ಆ ಯಂತ್ರ ಎಎಚ್‌ಐ ಇಳಿಸೋದರಲ್ಲಿ ಈಗ್ಲೂ ಡಿವೈಸ್‌ಗಿಂತ ಮುಂದೇನೆ. ಆದ್ರೆ 2013ರಲ್ಲಿ ಒಂದೇ ರೋಗಿಗಳಿಗೆ ಎರಡನ್ನೂ ಒಂದೊಂದು ತಿಂಗಳು ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸಿಪ್ಯಾಪ್ ಮೇಲೆ ಎಎಚ್‌ಐ ಸರಾಸರಿ 4.5, ಡಿವೈಸ್ ಮೇಲೆ 11.1 ಇತ್ತು, ಹಾಕ್ಕೊಂಡಿದ್ದು ಮಾತ್ರ ರಾತ್ರಿಗೆ ಸಿಪ್ಯಾಪ್ 5.2 ಗಂಟೆ, ಡಿವೈಸ್ 6.5 ಗಂಟೆ. ರಕ್ತದೊತ್ತಡ, ಹಗಲಿನ ನಿದ್ದೆಮಂಪರು ಎಲ್ಲಾ ಹೋಲಿಸಿದಾಗ ಡಿವೈಸ್ ಹಿಂದೆ ಬೀಳಲಿಲ್ಲ. ಮೇಜಿನ ಮೇಲೆ ಇರೋ ಮಾಸ್ಕಿಗಿಂತ ಬಾಯಲ್ಲಿರೋ ಡಿವೈಸ್ ಮೇಲು. ಆದ್ರೆ ಒಂದು, ಡಿವೈಸ್ ಎಲ್ರಿಗೂ ಕೆಲಸ ಮಾಡಲ್ಲ, ಹೆಚ್ಚುಕಮ್ಮಿ ಮೂರರಲ್ಲಿ ಒಬ್ರಿಗೆ ಹೇಳಿಕೊಳ್ಳೋ ಅಷ್ಟು ಪ್ರಯೋಜನ ಆಗಲ್ಲ. ಅದಕ್ಕೆ ಕೊನೇ ಅಡ್ಜಸ್ಟ್‌ಮೆಂಟ್ ಆದ್ಮೇಲೆ ಡಿವೈಸ್ ಬಾಯಲ್ಲಿಟ್ಟುಕೊಂಡೇ ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿ. ಇದನ್ನ ದಯವಿಟ್ಟು ಬಿಡಬೇಡಿ, ನಿಮಗೆ ಹಿತ ಅನ್ನಿಸೋದು ಬೇರೆ, ಆಕ್ಸಿಜನ್ ಇಳಿಯದೇ ಇರೋದು ಬೇರೆ.

ಮೊದಲ ಕೆಲವು ವಾರ ಜೊಲ್ಲು ಜಾಸ್ತಿ ಬರುತ್ತೆ, ಬೆಳಿಗ್ಗೆ ಹಲ್ಲು ಸರಿಯಾಗಿ ಕೂಡಲ್ಲ ಅನ್ನಿಸುತ್ತೆ, ಅದು ಸಹಜ. ಡಿವೈಸ್ ಜೊತೆಗೇ ಬೆಳಿಗ್ಗೆ ಕಚ್ಚೋ ಒಂದು ಚಿಕ್ಕ ಅಚ್ಚು ಮಾಡಿಸ್ಕೊಳ್ಳಿ, ನಿಮ್ಮ ಮೊದಲಿನ ಕಡಿತದ ಅಚ್ಚು ಅದು, ಎದ್ದ ಮೇಲೆ ಹತ್ತು ಹದಿನೈದು ನಿಮಿಷ ಕಚ್ಚಿದ್ರೆ ದವಡೆ ತನ್ನ ಜಾಗಕ್ಕೆ ಬರುತ್ತೆ. ಮಧ್ಯಾಹ್ನ ಆದ್ರೂ ಹಲ್ಲು ಕೂಡದೇ ಇದ್ರೆ ಕಾಯಬೇಡಿ, ಹೋಗಿ ತೋರಿಸಿ.

ಇನ್ನು ಆ ಎರಡು ದವಡೆಹಲ್ಲಿನ ವಿಷಯ. ಇಂಪ್ಲಾಂಟ್ ಅಥ್ವಾ ಬೇರೆ ಏನಾದ್ರೂ ಹಾಕಿಸೋ ಯೋಚನೆ ಇದ್ರೆ ಡಿವೈಸಿನ ಅಳತೆ ಕೊಡೋಕೆ ಮುಂಚೆ ಅದನ್ನ ನಿಮ್ಮ ಡಾಕ್ಟ್ರಿಗೆ ಹೇಳಿ. ಹಲ್ಲು ಆಮೇಲೆ ಬಂದ್ರೆ ಈಗ ಮಾಡಿಸಿದ ಟ್ರೇ ಆ ಕಡೆ ಕೂರಲ್ಲ, ಮತ್ತೆ ಅರೆದು ಒಳಗೆ ಹೊಸದಾಗಿ ತುಂಬಿಸಬೇಕು. ಆದ್ರೆ ಇಂಪ್ಲಾಂಟ್ ಮುಗಿಯೋಕೆ ತಿಂಗಳುಗಳೇ ಬೇಕು, ಅಲ್ಲಿವರೆಗೆ ಎಎಚ್‌ಐ 22 ಇಟ್ಕೊಂಡು ಕೂರೋದು ಬೇಡ. ಹಂಗಿದ್ರೆ ಈಗ್ಲೇ ಅಕ್ರಿಲಿಕ್ಕಲ್ಲಿ ಮಾಡಿಸಿ, ಎಡಗಡೆ ಆ ಖಾಲಿ ಜಾಗದ ಮೇಲೆ ಟ್ರೇ ವಸಡಿಗೆ ಒತ್ತದಂಗೆ ಸ್ವಲ್ಪ ಎತ್ತಿ ಬಿಡೋಕೆ ಹೇಳಿ, ಹಲ್ಲು ಬಂದ್ಮೇಲೆ ಅಲ್ಲಿ ತುಂಬಿಸ್ಕೊಂಡ್ರಾಯ್ತು.